ಮಾಡಿಫೈ ಮಾಡಿದ ಕ್ಲಾಸಿಕ್ 350 ತಗೊಳ್ಳಬಹುದಾ? ತೀರ್ಥಹಳ್ಳಿ-ಶಿವಮೊಗ್ಗ ದಿನದ ಓಡಾಟಕ್ಕೆ

ತುಂಗೆದಂಡೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮಾರಾಟಕ್ಕಿದೆ. 2015ರ ಮಾಡೆಲ್, ಕಾರ್ಬುರೇಟರ್ ಗಾಡಿ. ನಂಬರ್ ಕೆಎ-15, ಅಂದ್ರೆ ಸಾಗರದ ರಿಜಿಸ್ಟ್ರೇಷನ್. ಈಗ ಇಟ್ಟುಕೊಂಡಿರುವವರು ಅದನ್ನು ಪೂರ್ತಿ ಬಾಬರ್ ಥರ ಮಾಡಿಸಿದ್ದಾರೆ. ಒಂದೇ ಸೀಟು, ಗಿಡ್ಡ ಮಡ್‌ಗಾರ್ಡ್, ಅಲಾಯ್ ವೀಲು, ಹಿಂದೆ 150 ಸೈಜಿನ ಅಗಲದ ಟೈರು, ಎತ್ತರದ ಹ್ಯಾಂಡಲ್, ಸದ್ದಿನ ಸೈಲೆನ್ಸರ್, ಏರ್ ಫಿಲ್ಟರ್ ಡಬ್ಬಿ ತೆಗೆದು ಕೋನ್ ಫಿಲ್ಟರ್, ಎಲ್‌ಇಡಿ ಹೆಡ್‌ಲೈಟು, ಕೆಳಗೆ ನಾಲ್ಕು ಫಾಗ್ ಲೈಟು. ಬಣ್ಣ ಮ್ಯಾಟ್ ಕಪ್ಪು.

1,35,000 ಕೇಳುತ್ತಿದ್ದಾರೆ. ಕೆಲಸಕ್ಕೇ ಲಕ್ಷದ ಮೇಲೆ ಹಾಕಿದ್ದೇನೆ, ಬಿಲ್ ತೋರಿಸುತ್ತೇನೆ ಅಂತಾರೆ. ಗಾಡಿ ನೋಡೋಕೆ ಬಹಳ ಚೆನ್ನಾಗಿದೆ, ಅದನ್ನು ಮುಚ್ಚಿಡೋದಿಲ್ಲ, ನೋಡಿದಾಗಿಂದ ಬೇರೆ ಗಾಡಿ ಕಣ್ಣಿಗೇ ಹಿಡಿಯುತ್ತಿಲ್ಲ. ನನ್ನ ಓಡಾಟ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ, ಮಂಡಗದ್ದೆ-ಗಾಜನೂರು ದಾರಿ, ಮಳೆಗಾಲವೂ ಸೇರಿ. ಆಗಾಗ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ರಜೆಯಲ್ಲಿ ಆಗುಂಬೆ, ಕೊಪ್ಪ ಕಡೆ ಸುತ್ತಾಟ. ತಗೊಳ್ಳಲಾ?

ಹಳೇಗ್ಯಾರೇಜು

ತಮ್ಮಾ, ಒಂದು ಪ್ರಶ್ನೆಗೆ ಉತ್ತರ ಸಿಗೋ ತನಕ ಅಡ್ವಾನ್ಸ್ ಕೊಡಬೇಡ. ಒಂದೇ ಸೀಟು ಕೂರಿಸೋಕೆ ಹಿಂದಿನ ಫ್ರೇಮ್ ಕಟ್ ಮಾಡಿದ್ದಾರಾ, ಇಲ್ಲ ಬರೀ ಸೀಟು, ಮಡ್‌ಗಾರ್ಡ್ ಬಿಚ್ಚಿ ಬೇರೆ ಹಾಕಿದ್ದಾರಾ?

ಬೋಲ್ಟ್ ಬಿಚ್ಚಿ ಹಾಕಿದ್ದೆಲ್ಲ ವಾಪಸ್ ತೆಗೆಯಬಹುದು. ಹ್ಯಾಂಡಲ್, ಸೈಲೆನ್ಸರ್, ಲೈಟು, ಟೈರು ಎಲ್ಲ. ಒಂದು ದಿನದ ಕೆಲಸ. ಗ್ರೈಂಡರ್ ಹಾಕಿ ಕಟ್ ಮಾಡಿದ್ದು ವಾಪಸ್ ಬರೋದಿಲ್ಲ. ಕ್ಲಾಸಿಕ್‌ನಲ್ಲಿ ಎಂಜಿನ್ ಕೂಡ ಫ್ರೇಮಿನ ಭಾರ ಹೊರುತ್ತದೆ, ಹಿಂದಿನ ಶಾಕ್ ಅಬ್ಸಾರ್ಬರ್ ಮೇಲಿನ ಬೋಲ್ಟ್ ಹಿಡಿದುಕೊಂಡಿರೋದೇ ಆ ಹಿಂದಿನ ಪೈಪುಗಳನ್ನು. ಅಲ್ಲಿ ಯಾರೋ ಅಂದಾಜಿನಲ್ಲಿ ವೆಲ್ಡಿಂಗ್ ಹೊಡೆದಿದ್ದರೆ 190 ಕೆ.ಜಿ. ಗಾಡಿ, ಮೇಲೆ ನೀನು, ಕೆಳಗೆ ಮಂಡಗದ್ದೆಯ ಹೊಂಡ. ಯೋಚನೆ ಮಾಡು.

ಭದ್ರಾವತಿಬುಲೆಟ್

ಮಾಡಿಫೈ ಅಂದ ಕೂಡಲೇ ಹೆದರಿಸೋದು ಬೇಡ ಅಣ್ಣ. ನನ್ನ ಹತ್ತಿರ ಇರೋದೂ ಮಾಡಿಫೈ ಗಾಡಿಯೇ. ಹ್ಯಾಂಡಲ್, ಸೀಟು, ಟ್ಯಾಂಕಿನ ಬಣ್ಣ, ಲೈಟು ಎಲ್ಲ ಬೇರೆ. ಭದ್ರಾವತಿಯಿಂದ ಜೋಗ, ಸಿಗಂದೂರು, ಕೊಡಚಾದ್ರಿ ಕಡೆ ಎಲ್ಲ ಓಡಿಸಿದ್ದೇನೆ. ಒಳ್ಳೆಯ ಕೈಯಲ್ಲಿ ಆದ ಕೆಲಸ ಕಂಪನಿ ಗಾಡಿಗಿಂತ ಗಟ್ಟಿ ಇರುತ್ತದೆ. ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ನೋಡಿ. 1996ಕ್ಕೇ ಕಂಪನಿ ಅದನ್ನು ನಿಲ್ಲಿಸಿತು, ಇವತ್ತೂ ನಮ್ಮ ಕಡೆ ರೋಡಲ್ಲಿ ಇದೆ ಅಂದ್ರೆ ಕೈಕೆಲಸದವರಿಂದಲೇ ಅಲ್ವಾ.

ಯಾರು ಮಾಡಿದರು ಅಂತ ಕೇಳಿ. ಆ ಗ್ಯಾರೇಜಿಗೇ ಹೋಗಿ ಮಾತಾಡಿ. ಮಾಡಿದವರು ತಮ್ಮ ಕೆಲಸದ ಬಗ್ಗೆ ಧೈರ್ಯವಾಗಿ ಹೇಳಿದರೆ ಅರ್ಧ ಚಿಂತೆ ಹೋಗುತ್ತದೆ.

ಸಾಗರರೋಡು

ಗಾಡಿ ಚಂದ, ಕೈಕೆಲಸ ಚಂದ, ಒಪ್ಪಿದೆ. ಕಾನೂನು ಏನು ಹೇಳುತ್ತದೆ ಅನ್ನೋದೂ ಗೊತ್ತಿರಲಿ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿಯವರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು ಸೆಕ್ಷನ್ 182ಎ ಸೇರಿತು. ಅನುಮತಿ ಇಲ್ಲದ ಪ್ರತಿ ಒಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಒಂದು ಗಾಡಿಗೆ ಒಟ್ಟು 5,000 ಅಂತ ತಿಳಿಯಬೇಡಿ, ಪ್ರತಿ ಬದಲಾವಣೆಗೆ. ಓನರ್ ಯಾರೋ ಅವರ ಮೇಲೆ. ಹಳೇ ಓನರ್ ಮಾಡಿಸಿದ್ದು ಸರ್ ಅಂದ್ರೆ ನಡು ರೋಡಲ್ಲಿ ಯಾರು ಕೇಳುತ್ತಾರೆ?

ಸೈಲೆನ್ಸರ್ ವಿಷಯ ಬೇರೆಯೇ ಇದೆ. 175 ಸಿಸಿ ಮೇಲಿನ ಬೈಕಿಗೆ ಸದ್ದಿನ ಮಿತಿ 80 ಡೆಸಿಬೆಲ್. ಪೊಲೀಸರು ಇಂಥ ಸೈಲೆನ್ಸರ್ ಬಿಚ್ಚಿಸಿ ರೋಡ್ ರೋಲರ್ ಹತ್ತಿಸೋದನ್ನು ಎಲ್ಲರೂ ಪೇಪರಲ್ಲಿ ನೋಡಿದ್ದೇವೆ.

ಇನ್ನೊಂದು. 2015ರ ಗಾಡಿಗೆ ಆರ್‌ಸಿ 15 ವರ್ಷ, ಅಂದ್ರೆ 2030ರ ತನಕ. ಆಮೇಲೆ ರಿನೀವಲ್‌ಗೆ ಗಾಡಿಯನ್ನೇ ಆರ್‌ಟಿಓ ಮುಂದೆ ನಿಲ್ಲಿಸಬೇಕು. ಆರ್‌ಸಿಯಲ್ಲಿ ಸೀಟು 2 ಅಂತ ಇದೆ, ನಿಮ್ಮ ಗಾಡಿಯಲ್ಲಿ 1 ಇದೆ. ಬಣ್ಣ ಬೇರೆ. ಇನ್‌ಸ್ಪೆಕ್ಟರ್ ನೋಡಿದ ಕೂಡಲೇ ವಾಪಸ್ ಕಳಿಸುತ್ತಾರೆ.

ತುಂಗೆದಂಡೆ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ, ಥ್ಯಾಂಕ್ಸ್. ಫ್ರೇಮ್ ಬಗ್ಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಅಡ್ಜಸ್ಟ್ ಮಾಡಿದ್ದಾರೆ ಅಷ್ಟೇ ಅಂದರು. ಏನು ಅಡ್ಜಸ್ಟ್ ಅಂತ ಕೇಳಿದರೆ ಬಂದು ನೋಡಿ ಅಂತಾರೆ. ಶನಿವಾರ ಹೋಗೋಣ ಅಂತಿದ್ದೇನೆ. ಏನೇನು ನೋಡಬೇಕು?

ಸದ್ದು ಮತ್ತು ಲೈಟು ನಾನೇ ತೆಗೆಸಿಬಿಡುತ್ತೇನೆ. ಅದು ನನಗೂ ಬೇಡ.

ಕೊಪ್ಪದಕಡೆ

ನಾನು ಕೊಪ್ಪದಿಂದ, ಬಹಳ ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಮಳೆ ಇರಲಿ ಬಿಸಿಲಿರಲಿ. ಒಬ್ಬರೂ ಕೋನ್ ಫಿಲ್ಟರ್ ಬಗ್ಗೆ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕಂಪನಿಯವರು ಏರ್ ಫಿಲ್ಟರ್‌ಗೆ ಡಬ್ಬಿ ಕೊಡೋದು ಸುಮ್ನೆ ಅಲ್ಲ. ಗಾಳಿ ಒಳಗೆ ಬರಬೇಕು, ನೀರು ಬರಬಾರದು. ಡಬ್ಬಿ ತೆಗೆದು ಕೋನ್ ಹಾಕಿದರೆ ಅದು ಬಯಲಲ್ಲಿ ಕೂತಿರುತ್ತದೆ. ಬೆಂಗಳೂರಲ್ಲಿ ನಡೆಯಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ, ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮಲ್ಲಿ ಮಳೆ ಮೇಲಿನಿಂದ ಮಾತ್ರ ಬರೋದಿಲ್ಲ ಅಲ್ವಾ, ಎದುರಿನ ಬಸ್ಸು ಎರಚುತ್ತದೆ, ನಿಮ್ಮ ಹಿಂದಿನ ಚಕ್ರವೇ ಎರಚುತ್ತದೆ, ಮಡ್‌ಗಾರ್ಡ್ ಬೇರೆ ಗಿಡ್ಡ. ಆ ಕೆಂಪು ನೀರು ನೇರ ಫಿಲ್ಟರ್ ಮೇಲೆ, ನಿಮ್ಮ ಬೆನ್ನ ಮೇಲೆ. ಫಿಲ್ಟರ್ ಒದ್ದೆಯಾದರೆ ಗಾಡಿ ಉಸಿರು ಕಟ್ಟಿ ಘಾಟಿಯ ಮಧ್ಯೆ ನಿಲ್ಲುತ್ತದೆ. ಸಣ್ಣ ಮಣ್ಣು ಒಳಗೆ ಹೋದರೆ ಪಿಸ್ಟನ್ ರಿಂಗ್ ಸವೆಯುತ್ತದೆ, ಅದು ನಿಮಗೆ ಹೊಗೆ ಬಂದಾಗಲೇ ಗೊತ್ತಾಗೋದು.

ಆಮೇಲೆ 150 ಟೈರು. ಕ್ಲಾಸಿಕ್‌ಗೆ ಕಂಪನಿ ಕೊಟ್ಟಿದ್ದು ಹಿಂದೆ 110. ಅಗಲ ಮಾಡಿದರೆ ನೇರ ರೋಡಲ್ಲಿ ಗತ್ತು ಇರುತ್ತದೆ. ಆಗುಂಬೆಯ 14 ತಿರುವಲ್ಲಿ ಗಾಡಿ ಬಾಗಲು ಒಪ್ಪೋದಿಲ್ಲ, ಎಳೆದು ಬಾಗಿಸಬೇಕು. ಚೈನಿಗೆ ಟೈರು ತಾಗುತ್ತದೆ ಅಂತ ಕೆಲವರು ವಾಷರ್ ಕೊಟ್ಟು ಸ್ಪ್ರಾಕೆಟ್ ಹೊರಗೆ ತಳ್ಳಿರುತ್ತಾರೆ. ಆಗ ಚೈನ್ ನೇರ ಇರೋದಿಲ್ಲ. ಮಳೆಯಲ್ಲಿ ಗ್ರೀಸ್ ತೊಳೆದು ಹೋದ ಮೇಲೆ ಅದು ಎಷ್ಟು ಬೇಗ ಹಾಳಾಗುತ್ತದೆ ಅಂದ್ರೆ ಹೇಳೋದೇ ಬೇಡ.

ಎಲ್ಲಕ್ಕಿಂತ ಮೊದಲು ಇದನ್ನು ಹೇಳಿ. ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ? ಒಂದೇ ಸೀಟು ಅಂದಿರಿ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಚಕ್ರಕ್ಕೆ ಸೀರೆ ಗಾರ್ಡ್ ಇರಲೇಬೇಕು ಅಂತ ನಿಯಮವೇ ಇದೆ. ಅಮ್ಮ ಸೀರೆ ಉಟ್ಟು ಕೂರುವವರಾದರೆ ಅದು ನಿಯಮಕ್ಕಿಂತ ದೊಡ್ಡ ವಿಷಯ.

ಭದ್ರಾವತಿಬುಲೆಟ್

ಅಕ್ಕ ಹೇಳಿದ್ದು ಸರಿ. ಕೋನ್ ಫಿಲ್ಟರ್ ನಾನೂ ಹಾಕಿಲ್ಲ. ಅಮ್ಮನ ವಿಷಯ ಮೊದಲ ಪೋಸ್ಟಿನಲ್ಲೇ ಇತ್ತು, ನಾನು ಗಾಡಿ ಬಗ್ಗೆಯೇ ಮಾತಾಡಿದೆ.

ಹಳೇಗ್ಯಾರೇಜು

ಶನಿವಾರ ಹೋಗುವಾಗ ಇವಿಷ್ಟು ಇಟ್ಟುಕೊಂಡು ಹೋಗು. ಒಂದು ಚಿಕ್ಕ ಮ್ಯಾಗ್ನೆಟ್, ಟಾರ್ಚ್, ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್. ಗಾಡಿ ಬಿಸಿ ಮಾಡಿ ಇಡಬೇಡಿ, ತಣ್ಣಗೆ ಇರಲಿ ಅಂತ ಮೊದಲೇ ಹೇಳು. ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡು. ಬೆಚ್ಚಗಿದ್ದರೆ ಯಾಕೆ ಅಂತ ಕೇಳು.

ಸೀಟು ಬಿಚ್ಚಿಸು. ಬಿಚ್ಚೋಕೆ ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬಾ. ಸೀಟಿನ ಕೆಳಗಿನ ಎರಡು ಪೈಪಿನ ಮೇಲೆ ಬೆರಳಿಟ್ಟು ಮುಂದಿನಿಂದ ಹಿಂದಕ್ಕೆ ಸವರು. ಕಂಪನಿ ಪೈಪು ಒಂದೇ ಸಮ ಇರುತ್ತದೆ. ಎಲ್ಲಾದರೂ ಉಬ್ಬು, ತಗ್ಗು ಸಿಕ್ಕರೆ ಅಲ್ಲಿ ಜೋಡಿಸಿದ್ದಾರೆ ಅಂತ ಅರ್ಥ. ಒಳ್ಳೆಯ ವೆಲ್ಡಿಂಗ್ ಒಂದರ ಮೇಲೊಂದು ನಾಣ್ಯ ಜೋಡಿಸಿ ಮಲಗಿಸಿದ ಹಾಗೆ ಸಾಲಾಗಿ ಕಾಣಬೇಕು. ಅದನ್ನು ಗ್ರೈಂಡ್ ಮಾಡಿ ನುಣ್ಣಗೆ ಮಾಡಿದ್ದರೆ ಹೆಚ್ಚು ಭಯ, ನೋಟಕ್ಕೋಸ್ಕರ ಗಟ್ಟಿತನ ತೆಗೆದಿರುತ್ತಾರೆ. ಮ್ಯಾಗ್ನೆಟ್ ಹಿಡಿದು ನೋಡು. ಪೈಪಿನ ಮೇಲೆ ಒಂದು ಕಡೆ ಹಿಡಿತ ಸಡಿಲ ಅನಿಸಿದರೆ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ಇದೆ.

ಚಾಸಿಸ್ ನಂಬರ್ ಹ್ಯಾಂಡಲ್ ಹತ್ತಿರ ಸ್ಟೀರಿಂಗ್ ಹೆಡ್ ಮೇಲೆ ಪಂಚ್ ಮಾಡಿರುತ್ತಾರೆ. ದಪ್ಪ ಬಣ್ಣ ಹೊಡೆದಾಗ ಅದು ತುಂಬಿ ಹೋಗುತ್ತದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡು, ಎಲ್ಲ ಅಕ್ಷರ ಬರಬೇಕು. ಬರದಿದ್ದರೆ ನಾಳೆ ಎನ್‌ಓಸಿ, ರಿನೀವಲ್ ಎಲ್ಲದಕ್ಕೂ ತಲೆನೋವು. ಎಂಜಿನ್ ನಂಬರ್ ಕೂಡ ಆರ್‌ಸಿಗೆ ತಾಳೆ ನೋಡು.

ಪ್ಲಗ್ ಬಿಚ್ಚಿ ತುದಿ ನೋಡು. ತಿಳಿ ಕಂದು ಬಣ್ಣ ಇದ್ದರೆ ಸರಿ. ಬೂದಿ ಥರ ಬಿಳಿ ಇದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಹೋಗುತ್ತಿದೆ. ಸೈಲೆನ್ಸರ್, ಫಿಲ್ಟರ್ ಎರಡೂ ಬದಲಾಯಿಸಿ ಕಾರ್ಬುರೇಟರ್ ಜೆಟ್, ಅಂದ್ರೆ ಪೆಟ್ರೋಲ್ ಅಳತೆ ಮಾಡಿ ಬಿಡುವ ಸಣ್ಣ ತೂತಿನ ಪಾರ್ಟು, ಹಳೆಯದೇ ಬಿಟ್ಟರೆ ಹೀಗೆ ಆಗುತ್ತದೆ. ಎಕ್ಸಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಹೊಡೆಯೋದನ್ನು ಹುಡುಗರು ಇಷ್ಟ ಪಡುತ್ತಾರೆ. ಒಳಗೆ ವಾಲ್ವ್ ಸುಡುತ್ತಿರುತ್ತದೆ.

ವೈರಿಂಗ್‌ಗೆ ಸಮಯ ಕೊಡು, ಅವಸರ ಮಾಡಬೇಡ. ನಾಲ್ಕು ಫಾಗ್ ಲೈಟು ಅಂದಿದ್ದೀ. ಒಂದೊಂದು 40 ವ್ಯಾಟ್ ಅಂದ್ರೂ 160 ವ್ಯಾಟ್ ಆಯಿತು. ರಿಲೇ (ಹೆಚ್ಚು ಕರೆಂಟ್ ತಡೆಯುವ ಸ್ವಿಚ್) ಹಾಕಿ ಬ್ಯಾಟರಿಯಿಂದ ಬೇರೆ ಲೈನ್ ಎಳೆದಿದ್ದಾರಾ, ಇಲ್ಲ ಹೆಡ್‌ಲೈಟ್ ವೈರಿಗೇ ಸುತ್ತಿ ಟೇಪ್ ಹಾಕಿದ್ದಾರಾ ನೋಡು. ಟೇಪ್ ಹಾಕಿದ ಒಂದು ಜಾಯಿಂಟ್ ಬಿಚ್ಚಿ ನೋಡಿದರೆ ಸಾಕು. ನಮ್ಮ ಮಳೆಗೆ ಒಂದು ವರ್ಷದಲ್ಲಿ ತಾಮ್ರದ ಎಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ, ಮುಟ್ಟಿದರೆ ಪುಡಿ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಎಲ್ಲ ಲೈಟು ಹಾಕಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಮಲ್ಟಿಮೀಟರ್ ಹಿಡಿ. 13.5ರಿಂದ 14.5 ವೋಲ್ಟ್ ಒಳಗೆ ಇರಬೇಕು. 12.5ಕ್ಕಿಂತ ಕೆಳಗೆ ಬಂದರೆ ಗಾಡಿ ಬ್ಯಾಟರಿ ತಿನ್ನುತ್ತಿದೆ.

ಕಡೆಗೆ ಹ್ಯಾಂಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸು. ಎತ್ತರದ ಹ್ಯಾಂಡಲ್‌ಗೆ ಹಳೇ ಕೇಬಲ್‌ನ್ನೇ ಎಳೆದು ಕಟ್ಟಿದ್ದರೆ ತಿರುಗಿಸುವಾಗ ರೇಸ್ ತಾನಾಗಿ ಏರುತ್ತದೆ. ಹೇರ್‌ಪಿನ್ ತಿರುವಲ್ಲಿ ಅದು ಜೀವ ತೆಗೆಯುತ್ತದೆ.

ಹೊಸನಗರಮಳೆ

ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅವರು ಲಕ್ಷ ಖರ್ಚು ಮಾಡಿದ್ದು ಅವರ ಆಸೆಗೆ. ಅದನ್ನು ನಿಮ್ಮಿಂದ ಯಾಕೆ ವಸೂಲಿ ಮಾಡಬೇಕು? ಅದೇ ವರ್ಷದ, ಏನೂ ಮುಟ್ಟದ ಕ್ಲಾಸಿಕ್ ಎಷ್ಟಕ್ಕೆ ಸಿಗುತ್ತದೆ ಅಂತ ಶಿವಮೊಗ್ಗ, ದಾವಣಗೆರೆಯಲ್ಲಿ ವಿಚಾರಿಸಿ. ಅಲ್ಲಿಂದ ಶುರು ಮಾಡಿ ಕೆಳಗೆ ಬನ್ನಿ. ಸೀಟು, ಮಡ್‌ಗಾರ್ಡ್, ಸೈಲೆನ್ಸರ್, ಏರ್ ಬಾಕ್ಸ್, ಚಕ್ರ ವಾಪಸ್ ಹಾಕಿಸಲು ಎಷ್ಟಾಗುತ್ತದೋ ಅಷ್ಟು ಕಳೆಯಿರಿ. ಬಿಚ್ಚಿದ ಹಳೇ ಸಾಮಾನು ಅವರ ಹತ್ತಿರ ಇದೆಯಾ ಕೇಳಿ. ಇದ್ದರೆ ಅದಕ್ಕೆ ದುಡ್ಡು ಕೊಡಬಹುದು, ಅಲಾಯ್ ವೀಲಿಗಲ್ಲ.

ಇನ್ಶೂರೆನ್ಸ್ ಕೂಡ ನೋಡಿ. ಕಂಪನಿಗೆ ತಿಳಿಸದೆ ಇಷ್ಟು ಬದಲಾಯಿಸಿದ ಗಾಡಿ ಬಿದ್ದರೆ ಸ್ವಂತ ಡ್ಯಾಮೇಜಿನ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕ ಹಾಗೆ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರೋದಿಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು.

ತುಂಗೆದಂಡೆ

ಹೋಗಿ ಬಂದೆ. ಹಳೇಗ್ಯಾರೇಜು ಅಣ್ಣ ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಒಂದೊಂದಾಗಿ ನೋಡಿದೆ.

ಎಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ಪ್ಲಗ್ ಮಾತ್ರ ಸುಣ್ಣ ಬಳಿದ ಥರ ಬಿಳಿ. ಜೆಟ್ ಬದಲಾಯಿಸಿದ್ದೀರಾ ಅಂದರೆ ಅದೇನು ಅಂತ ಕೇಳಿದರು. ಎಲ್ಲ ಲೈಟು ಹಾಕಿ ರೇಸ್ ಕೊಟ್ಟರೆ ಮಲ್ಟಿಮೀಟರ್‌ನಲ್ಲಿ 12.1. ರಿಲೇ ಕಾಣಲಿಲ್ಲ. ಚಾಸಿಸ್ ನಂಬರ್ ಪೆನ್ಸಿಲ್‌ನಲ್ಲಿ ಪೂರ್ತಿ ಬಂತು, ಆರ್‌ಸಿಗೆ ತಾಳೆಯಾಯಿತು.

ಸೀಟು ಬಿಚ್ಚಲು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಶಾಕ್ ಅಬ್ಸಾರ್ಬರ್ ಬೋಲ್ಟಿನ ಹಿಂದೆ ನಾಲ್ಕು ಬೆರಳು ದೂರದಲ್ಲಿ ಎರಡೂ ಪೈಪು ಕಟ್ ಆಗಿದೆ. ಅರ್ಧ ಚಂದ್ರದ ಥರ ಬಗ್ಗಿಸಿದ ಬೇರೆ ಪೈಪ್ ಜೋಡಿಸಿದ್ದಾರೆ. ಬಲಗಡೆ ಜಾಯಿಂಟ್ ನುಣ್ಣಗಿದೆ, ಮ್ಯಾಗ್ನೆಟ್ ಸಡಿಲ. ಎಡಗಡೆ ಜಾಯಿಂಟ್ ಸುತ್ತ ಬಣ್ಣದಲ್ಲಿ ಕೂದಲಿನಷ್ಟು ಸಣ್ಣ ಬಿರುಕು, ಅದರಿಂದ ತುಕ್ಕಿನ ಕಲೆ ಇಳಿದಿದೆ.

ಹಳೇ ಸೀಟು, ಮಡ್‌ಗಾರ್ಡ್, ಸೈಲೆನ್ಸರ್, ಹ್ಯಾಂಡಲ್ ಎಲ್ಲ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದಾರೆ, ತೋರಿಸಿದರು. ಖುಷಿಯಾಯಿತು. ಆಮೇಲೆ ನೋಡಿದರೆ ಆ ಸೀಟು, ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲಿ ಇರಬೇಕಾದ ಕ್ಲಾಂಪುಗಳೇ ಇಲ್ಲ. ಕಟ್ ಮಾಡಿದ ಭಾಗದ ಜೊತೆ ಹೋಗಿವೆ.

ಇನ್ನೊಂದು ವಿಷಯ. ಆರ್‌ಸಿ ಇವರ ಹೆಸರಲ್ಲಿಲ್ಲ. ಸಾಗರದ ಮೊದಲ ಓನರ್ ಹೆಸರಲ್ಲೇ ಇದೆ. ಸಹಿ ಹಾಕಿದ ಫಾರ್ಮ್ ಇದೆ, ನೀವೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಅಂತಾರೆ. 1,05,000ಕ್ಕೆ ಬಿಡುತ್ತೇನೆ ಅಂತ ರಾತ್ರಿ ಮೆಸೇಜ್ ಬಂತು. ಈಗ ಏನು ಹೇಳಲಿ?

ಹಳೇಗ್ಯಾರೇಜು

ಬೇಡ ಅಂತ ಹೇಳು. ತುಕ್ಕು ಇಳಿದಿದೆ ಅಂದ್ರೆ ಬಿರುಕು ಬಣ್ಣದ್ದಲ್ಲ, ಒಳಗೆ ನೀರು ಹೋಗುತ್ತಿದೆ, ವೆಲ್ಡಿಂಗೇ ಬಿಡುತ್ತಿದೆ. ಎಂಜಿನ್ ಚೆನ್ನಾಗಿದೆ ಅಂತ ಮನಸ್ಸು ಎಳೆಯುತ್ತದೆ, ಗೊತ್ತು. ಎಂಜಿನ್ ಕೆಟ್ಟರೆ ದಾರಿ ಬದಿಯಲ್ಲಿ ನಿಲ್ಲುತ್ತೀ. ಫ್ರೇಮ್ ಬಿಟ್ಟರೆ ನಿಲ್ಲೋಕೂ ಆಗೋದಿಲ್ಲ.

ಬೇರೆ ಫ್ರೇಮ್ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಚಾಸಿಸ್ ನಂಬರ್ ಇರೋದೇ ಫ್ರೇಮ್ ಮೇಲೆ. ಆರ್‌ಟಿಓ ಒಪ್ಪಿಗೆ ಮೊದಲೇ ಬೇಕು. ಗುಜರಿಯಿಂದ ತಂದು ಹಾಕಿಸಿದರೆ ಇನ್ನೊಬ್ಬರ ಗಾಡಿಯ ನಂಬರ್ ನಿನ್ನ ಹತ್ತಿರ ಬಂದ ಹಾಗೆ.

ಸಾಗರರೋಡು

ಆರ್‌ಸಿ ವಿಷಯಕ್ಕೆ ಅಷ್ಟೇ ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಫಾರ್ಮ್ 29, ಫಾರ್ಮ್ 30 ಮೊದಲ ಓನರ್ ಯಾವತ್ತೋ ಸಹಿ ಹಾಕಿ ಕೊಟ್ಟಿರಬಹುದು. ನಾಳೆ ಅವರು ಸಿಗದಿದ್ದರೆ, ಸಹಿ ತಾಳೆಯಾಗದಿದ್ದರೆ ಗಾಡಿ ನಿಮ್ಮ ಮನೆಯಲ್ಲಿ, ಹೆಸರು ಅವರದ್ದು. ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಕಾನೂನಿದೆ, ಇವರು ಅದನ್ನೇ ಮಾಡಿಲ್ಲ. ಅಪಘಾತ ಆದರೆ ಪರಿಹಾರದ ಕೇಸು ಆರ್‌ಸಿಯಲ್ಲಿ ಹೆಸರಿರುವವರ ಮೇಲೆ ಹೋಗುತ್ತದೆ. ಪಾಪ, ಆ ಸಾಗರದವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ. ಸಾಧ್ಯವಾದರೆ ಅವರಿಗೆ ಒಂದು ಮಾತು ಮುಟ್ಟಿಸಿ.

ಭದ್ರಾವತಿಬುಲೆಟ್

ಫ್ರೇಮ್ ಕಟ್ ಆಗಿದ್ದರೆ ನಾನೂ ಬೇಡ ಅನ್ನುವವನೇ. ಆದರೆ ಹೀಗೆ ಮಾಡುವವರಿಂದ ಒಳ್ಳೆಯ ಕೆಲಸ ಮಾಡುವವರಿಗೂ ಕೆಟ್ಟ ಹೆಸರು ಬರುತ್ತದೆ ಅನ್ನೋದು ನನಗೆ ನೋವು. ಗಾಡಿ ಚೆಂದ ಮಾಡಬೇಕು ಅಂತ ಆಸೆ ಇದ್ದರೆ ಸ್ಟಾಕ್ ಗಾಡಿ, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇರೋದು, ತಗೊಳ್ಳಿ ಮಾರಾಯ್ರೆ. ಸೀಟಿನ ಕವರ್, ಹ್ಯಾಂಡಲ್ ಗ್ರಿಪ್, ಒಳ್ಳೆಯ ಟೈರು, ಎರಡೂ ಕಡೆ ಬ್ಯಾಗ್ ಹಾಕುವ ಸ್ಟ್ಯಾಂಡ್, ಇದರಿಂದಲೇ ಗಾಡಿ ನಿಮ್ಮದು ಅನಿಸುತ್ತದೆ. ಬೇಕಾದರೆ ಭದ್ರಾವತಿಗೆ ಬನ್ನಿ, ನನ್ನ ಗಾಡಿ ತೋರಿಸುತ್ತೇನೆ.

ಕೊಪ್ಪದಕಡೆ

ಹೊಸದಾಗಿ ಹುಡುಕುವಾಗ 2019ರ ಏಪ್ರಿಲ್ ನಂತರದ ಗಾಡಿ ಸಿಕ್ಕರೆ ಮೊದಲು ಅದನ್ನು ನೋಡಿ. 125 ಸಿಸಿ ಮೇಲಿನ ಬೈಕಿಗೆ ಆಗಿನಿಂದ ಎಬಿಎಸ್, ಅಂದ್ರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಒದ್ದೆ ರೋಡು, ಮೇಲೆ ಕೊಳೆತ ಎಲೆ, ತಿರುವಿನಲ್ಲಿ ಅಡ್ಡ ಬರುವ ದನ. ನಮ್ಮ ಕಡೆ ಎಬಿಎಸ್‌ನಷ್ಟು ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದಕ್ಕೆ ಹಾಕಿ.

ತುಂಗೆದಂಡೆ

ಬೇಡ ಅಂತ ಮೆಸೇಜ್ ಹಾಕಿದೆ. ಎಡಗಡೆ ಬಿರುಕಿನ ಫೋಟೋ ಕಳಿಸಿ, ಇದನ್ನು ಸರಿ ಮಾಡಿಸುವ ತನಕ ನೀವೂ ಓಡಿಸಬೇಡಿ ಅಂತ ಹೇಳಿದೆ. ಅವರಿಗೆ ಬೇಸರವಾಯಿತು, ಆದರೂ ಗ್ಯಾರೇಜಿಗೆ ತಗೊಂಡು ಹೋಗುತ್ತೇನೆ ಅಂದರು. ಮೊದಲ ಓನರ್ ನಂಬರ್ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.

ಈಗ ಸ್ಟಾಕ್ ಗಾಡಿ ಹುಡುಕುತ್ತಿದ್ದೇನೆ. ಎರಡು ಸೀಟು, ಸೀರೆ ಗಾರ್ಡ್ ಇರಬೇಕು. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಸಾಗರರೋಡು

ಆನಂದಪುರದ ಹತ್ತಿರ ನಮ್ಮ ಪರಿಚಯದವರ ಥಂಡರ್‌ಬರ್ಡ್ 350 ಇದೆ, 2019ರದ್ದು, ಎಬಿಎಸ್ ಇದೆ, ಟ್ಯಾಂಕ್ 20 ಲೀಟರ್. ಸೈಲೆನ್ಸರ್ ಒಂದು ಬದಲಾಯಿಸಿದ್ದರು, ಹಳೆಯದನ್ನು ವಾಪಸ್ ಹಾಕಿಸಿ ಕೊಡುತ್ತಾರೆ. ಆರ್‌ಸಿ ಅವರದೇ ಹೆಸರಲ್ಲಿದೆ, ಸಾಲ ಇಲ್ಲ. ಭಾನುವಾರ ಬನ್ನಿ.

ಹಳೇಗ್ಯಾರೇಜು

ನಾನೂ ಬರುತ್ತೇನೆ. ಅಮ್ಮ ಬರುವ ಹಾಗಿದ್ದರೆ ಕರೆದುಕೊಂಡು ಬಾ, ಹಿಂದೆ ಕೂತು ನೋಡಲಿ. ಥಂಡರ್‌ಬರ್ಡ್ ಸೀಟಿಗೆ ಹತ್ತಿ ಇಳಿಯೋದು ಅವರಿಗೆ ಆಗುತ್ತದಾ ಅಂತ ಅಲ್ಲೇ ಗೊತ್ತಾಗಲಿ.

ತುಂಗೆದಂಡೆ

ಆಯ್ತು ಅಣ್ಣ. ಅಮ್ಮನ ಜೊತೆ ಬಸ್ಸಲ್ಲಿ ಬರುತ್ತೇನೆ. ಬೆಳಿಗ್ಗೆ 10ಕ್ಕೆ ಆನಂದಪುರ ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ.